ಶಾಯಿ ಬರೆದವನದು, ಹಾಳೆ ಯಾರದು?

2022ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದ ಹೆರಿಟೇಜ್ ಎಂಬ ಹರಾಜು ಸಂಸ್ಥೆಯಲ್ಲಿ ಒಂದು ಹಾಳೆ ಮಾರಾಟವಾಯಿತು. ಅದು ಯಾವ ರಾಜನ ಸನ್ನದೂ ಅಲ್ಲ, ಮಹಾಕವಿಯ ಹಸ್ತಪ್ರತಿಯೂ ಅಲ್ಲ. ಹುಡುಗರು ಓದಿ ಮೂಲೆಗೆಸೆಯುವ ಕಾಮಿಕ್ಸ್ ಪುಸ್ತಕವೊಂದರ 25ನೇ ಪುಟಕ್ಕಾಗಿ, ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಮೂಲ ಚಿತ್ರ. 3.30 ಲಕ್ಷ ಡಾಲರಿನಿಂದ ಆರಂಭವಾದ ಸವಾಲು, ಸಂಸ್ಥೆಯ ಶುಲ್ಕವೂ ಸೇರಿ 33.60 ಲಕ್ಷ ಡಾಲರಿಗೆ ನಿಂತಿತು. ಆಗಿನ ವಿನಿಮಯ ದರದಲ್ಲಿ ಸುಮಾರು 25 ಕೋಟಿ ರೂಪಾಯಿ! ಆ ಪುಟ ಅಚ್ಚಾಗಿದ್ದ ಪುಸ್ತಕಕ್ಕೆ 1984ರಲ್ಲಿ ಇದ್ದ ಬೆಲೆ 75 ಸೆಂಟು.

ಮಾರ್ವೆಲ್ ಕಂಪನಿಯ 'ಸೀಕ್ರೆಟ್ ವಾರ್ಸ್' ಎಂಬ 12 ಸಂಚಿಕೆಗಳ ಮಾಲೆಯಲ್ಲಿ ಎಂಟನೆಯ ಸಂಚಿಕೆ ಅದು. ವಿಶ್ವದಾಚೆಯ ಸರ್ವಶಕ್ತನೊಬ್ಬ ಭೂಮಿಯ ಸಾಹಸಿಗಳನ್ನೂ ಖಳನಾಯಕರನ್ನೂ ಹೊತ್ತೊಯ್ದು ದೂರದ ಗ್ರಹವೊಂದರಲ್ಲಿ ಕಾದಾಡಲು ಬಿಡುವುದು ಕಥೆ. ಇದರ ಹುಟ್ಟು ಅಷ್ಟೇನೂ ಘನವಾದದ್ದಲ್ಲ. ಮ್ಯಾಟೆಲ್ ಎಂಬ ಆಟಿಕೆ ಕಂಪನಿಗೆ ಗೊಂಬೆ ಮಾರಲು ಒಂದು ಕಥೆ ಬೇಕಿತ್ತು. 'ರಹಸ್ಯ' ಮತ್ತು 'ಯುದ್ಧ' ಎಂಬ ಪದಗಳು ಹುಡುಗರಿಗೆ ಇಷ್ಟ ಎಂದು ಕಂಪನಿಯ ಸಮೀಕ್ಷೆ ಹೇಳಿತ್ತಂತೆ; ಎರಡೂ ಸೇರಿ ಹೆಸರಾಯಿತು. ಎಂಟನೆಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಹರಿದ ತನ್ನ ಉಡುಪಿನ ಬದಲಿಗೆ ಅನ್ಯಗ್ರಹದ ಯಂತ್ರವೊಂದರಿಂದ ಕಪ್ಪು ಉಡುಪು ಪಡೆಯುತ್ತಾನೆ. ಅದು ಬಟ್ಟೆಯಲ್ಲ, ಜೀವಿ ಎಂಬುದು ಆಮೇಲೆ ತಿಳಿಯುತ್ತದೆ. ಮುಂದೆ 'ವೆನಮ್' ಎಂಬ ಖಳನಾಗಿ ಸಿನಿಮಾದಲ್ಲೂ ಹಣ ಮಾಡಿದ ಪಾತ್ರದ ಬೀಜ ಇಲ್ಲಿದೆ. ಹಾಳೆಗೆ ಬೆಲೆ ಬಂದದ್ದು ಅದರಿಂದ.

ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ತೊಡಿಸಬಹುದೆಂದು 1982ರಲ್ಲಿ ಸೂಚಿಸಿದವನು ಒಬ್ಬ ಓದುಗ. ಮಾರ್ವೆಲ್ ಆ ಸೂಚನೆಯನ್ನು 220 ಡಾಲರ್ ಕೊಟ್ಟು ಕೊಂಡುಕೊಂಡಿತು. ಚಿತ್ರ ಬರೆದ ಮೈಕ್ ಝೆಕ್ ಅವರಿಗೂ ಸಂಚಿಕೆಗೆ ಶಾಯಿ ಹಾಕಿದ ಜಾನ್ ಬೀಟಿ ಮೊದಲಾದವರಿಗೂ ಸಿಕ್ಕಿದ್ದು ಪುಟಕ್ಕಿಷ್ಟು ಎಂಬ ಕೂಲಿ. 25 ಕೋಟಿ ರೂಪಾಯಿಯ ಮಾರಾಟದಲ್ಲಿ ಇವರಿಗೆ ಪಾಲು ಕೊಡಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಇಲ್ಲ.

ಇಂಥ ಹಾಳೆ ಒಂದು ಕಾಲಕ್ಕೆ ಕಸವಾಗಿತ್ತು. ಕಸ ಹೇಗೆ ಸ್ವತ್ತಾಯಿತು, ಆ ಸ್ವತ್ತು ಯಾರದೆಂಬ ಜಗಳ ಹೇಗೆ ಹುಟ್ಟಿತು ಎಂಬುದು ಹರಾಜಿನ ಅಂಕಿಗಿಂತ ರೋಚಕ ಸಂಗತಿ.

ಮಸಿಯ ಕೆಲಸ

ಕಾಮಿಕ್ಸ್ ಪುಟ ಹೇಗೆ ತಯಾರಾಗುತ್ತಿತ್ತು ಎಂದು ಮೊದಲು ನೋಡೋಣ. ಬ್ರಿಸ್ಟಲ್ ಬೋರ್ಡ್ ಎಂಬ ನುಣುಪಾದ ದಪ್ಪ ಹಾಳೆ. ಅಚ್ಚಾಗುವ ಪುಟಕ್ಕಿಂತ ಇದು ದೊಡ್ಡದು. ದೊಡ್ಡದಾಗಿ ಬರೆದು ಚಿಕ್ಕದಾಗಿ ಅಚ್ಚು ಹಾಕಿದರೆ ಕೈಯ ಸಣ್ಣಪುಟ್ಟ ನಡುಕ ಮುಚ್ಚಿಹೋಗುತ್ತದೆ. ಮೊದಲು ಪೆನ್ಸಿಲಿನಲ್ಲಿ ಚೌಕಟ್ಟುಗಳು, ಆಕೃತಿಗಳು. ಆಮೇಲೆ ಅದರ ಮೇಲೆ ಶಾಯಿ. ಕೂದಲೆಳೆಯಂಥ ಗೆರೆಗೆ ಅದ್ದಿ ಬರೆಯುವ ನಿಬ್ಬು, ಒಮ್ಮೆ ತೆಳ್ಳಗೆ ಒಮ್ಮೆ ದಪ್ಪಗೆ ಹರಿಯಬೇಕಾದ ಗೆರೆಗೆ ಸೇಬಲ್ ಪ್ರಾಣಿಯ ಕೂದಲಿನ ಕುಂಚ, ಕಟ್ಟಡ ಮತ್ತು ಯಂತ್ರಗಳ ನೇರ ಗೆರೆಗೆ ಸ್ಕೇಲು ಹಿಡಿದು ಎಳೆಯುವ ತಾಂತ್ರಿಕ ಪೆನ್ನು. ತಪ್ಪಿದ ಕಡೆ ಬಿಳಿ ಬಣ್ಣ ಬಳಿದು ಮತ್ತೆ ಬರೆಯುವುದು. ಕೊನೆಗೆ ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಉಜ್ಜಿ ತೆಗೆಯುವುದು.

ಈ ಶಾಯಿಗೆ ಇಂಡಿಯನ್ ಇಂಕ್ ಎಂದು ಹೆಸರು; ಆದರೆ ಇಂಥ ಶಾಯಿಯನ್ನು ಬಹು ಹಿಂದೆಯೇ ಕಂಡುಕೊಂಡವರು ಚೀನೀಯರು. ದೀಪದ ಮಸಿಯನ್ನು ಅಂಟಿನಲ್ಲಿ ಕಲಸಿ ಮಾಡುವುದು ಅದರ ಮೂಲ ಕ್ರಮ. ನೀರಿಗೆ ಅಳಿಸದಿರಲೆಂದು ಆಧುನಿಕ ಶಾಯಿಗೆ ಅರಗು ಬೆರೆಸುತ್ತಾರೆ. ಕನ್ನಡದಲ್ಲಿ ದೀಪದ ಕಪ್ಪಿಗೂ ಬರೆಯುವ ಶಾಯಿಗೂ 'ಮಸಿ' ಎಂಬ ಒಂದೇ ಮಾತಿರುವುದು ಸುಮ್ಮನೆ ಅಲ್ಲ. ಇಂಗಾಲದ ಕಪ್ಪು ಬೆಳಕಿಗೆ ಮಾಸುವುದಿಲ್ಲ. ನಲವತ್ತು ವರ್ಷದ ನಂತರವೂ ಇಂಥ ಹಾಳೆಯ ಗೆರೆ ನಿನ್ನೆ ಬರೆದಂತೆ ಇರುತ್ತದೆ. ಹಳದಿಯಾಗುವುದು ಅಂಟು, ಬಿಳಿ ಬಣ್ಣ ಮತ್ತು ಕಾಗದ.

ಶಾಯಿ ಯಾಕೆ ಬೇಕಾಗಿತ್ತು, ಪೆನ್ಸಿಲ್ ಸಾಲದೇ? ಸಾಲದು. ಹಾಳೆಯನ್ನು ಅಚ್ಚುಕೂಟದ ದೊಡ್ಡ ಕ್ಯಾಮೆರಾದ ಮುಂದೆ ಇಟ್ಟು ಚಿತ್ರ ತೆಗೆಯುತ್ತಿದ್ದರು. ಆ ಫಿಲ್ಮಿಗೆ ಗೊತ್ತಿದ್ದದ್ದು ಎರಡೇ: ಕಪ್ಪು ಇಲ್ಲವೇ ಬಿಳುಪು. ನಡುವಿನ ಬೂದು ಬಣ್ಣ ಅದಕ್ಕೆ ಕಾಣದು. ತಿಳಿನೀಲಿಯಂತೂ ಪೂರಾ ಕಾಣದು. ಹಾಗಾಗಿ ಕಲಾವಿದರು ಉಜ್ಜುವ ಕಷ್ಟ ತಪ್ಪಿಸಲು ತಿಳಿನೀಲಿ ಪೆನ್ಸಿಲ್ ಹಿಡಿಯುವುದೂ ಇತ್ತು. ನೆರಳು ಬೇಕೆಂದರೆ ಒತ್ತೊತ್ತಾಗಿ ಅಡ್ಡಗೆರೆ ಎಳೆಯಬೇಕು, ಚುಕ್ಕೆ ಇಡಬೇಕು, ಅಥವಾ ಚುಕ್ಕೆ ಅಚ್ಚಾದ ತೆಳು ಹಾಳೆ ಕತ್ತರಿಸಿ ಅಂಟಿಸಬೇಕು. ಹೊಗೆ, ಮಂಜು, ವಿಷಾನಿಲ, ಸೈನಿಕನ ಕೆನ್ನೆಯ ಗಾಯ ಎಲ್ಲವೂ ಬರೀ ಕಪ್ಪಿನಿಂದ ಆಗಬೇಕು. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಪತ್ರಿಕೆಗಳ ವ್ಯಂಗ್ಯಚಿತ್ರಗಳೂ ಇದೇ ದಾರಿಯಲ್ಲಿ ಸತುವಿನ ಬ್ಲಾಕ್ ಆಗಿ ಅಚ್ಚಾಗುತ್ತಿದ್ದವು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಕುಂಚದ ಗೆರೆಯ ಬಿರುಸಿಗೂ ಈ ಕ್ಯಾಮೆರಾದ ಕುರುಡಿಗೂ ಸಂಬಂಧವಿಲ್ಲದಿಲ್ಲ.

ಚಿತ್ರ ತೆಗೆದ ಮೇಲೆ ಹಾಳೆಯ ಕೆಲಸ ಮುಗಿಯಿತು. ಪ್ರಕಾಶಕನ ಕಣ್ಣಿನಲ್ಲಿ ಮಾಲು ಎಂದರೆ ಅಚ್ಚಾದ ಪುಸ್ತಕ. ಮೂಲ ಚಿತ್ರ ಬರೀ ಹಂತ. ಮನೆ ಕಟ್ಟಿದ ಮೇಲೆ ಬಿಚ್ಚಿಹಾಕುವ ಸಾರುವೆಯ ಹಾಗೆ.

ನೀಲಿ ಸೈನಿಕ

ಅಮೆರಿಕದಲ್ಲಿ ನಡೆದ ಜಗಳಕ್ಕೆ ಬರುವ ಮುನ್ನ ಲಂಡನ್ನಿಗೆ ಹೋಗಿ ಬರಬೇಕು. ವಿಜ್ಞಾನ ಕಥೆ ಮತ್ತು ಯುದ್ಧ ಕಥೆ ಎರಡೂ ಕೂಡಿದ ಕಾಮಿಕ್ಸಿಗೆ ಅಲ್ಲಿನ '2000 ಎ.ಡಿ.' ವಾರಪತ್ರಿಕೆಗಿಂತ ಒಳ್ಳೆಯ ಉದಾಹರಣೆ ಸಿಗದು. ನಮ್ಮ ಓದುಗರಲ್ಲಿ ನಡುವಯಸ್ಸು ದಾಟಿದವರಿಗೆ ಕನ್ನಡದಲ್ಲೂ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ನೆನಪಿರಬಹುದು. ಆ ಮಾಲೆಯ ಫ್ಲಾಶ್ ಗಾರ್ಡನ್ ಮಿಂಚಿನಂಥ ಖಡ್ಗ, ರಾಕೆಟ್ಟು, ರಾಜಕುಮಾರಿ ಇವುಗಳ ನಡುವೆ ಯುದ್ಧ ಮಾಡುತ್ತಿದ್ದ ಸಾಹಸಿ. ಲಂಡನ್ನಿನವರು ಬರೆದ ಯುದ್ಧದಲ್ಲಿ ರಾಜಕುಮಾರಿ ಇರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮೂರು ದಶಕ ಬ್ರಿಟನ್ನಿನ ಹುಡುಗರು ಅದೇ ಯುದ್ಧದ ಚಿತ್ರಕಥೆ ಓದಿ ಬೆಳೆದರು. 1958ರಲ್ಲಿ 'ವಾರ್ ಪಿಕ್ಚರ್ ಲೈಬ್ರರಿ', 1961ರಲ್ಲಿ 'ಕಮಾಂಡೊ', 1975ರಲ್ಲಿ 'ಬ್ಯಾಟಲ್'. ಇಂಗ್ಲಿಷರು ಧೀರರು, ಜರ್ಮನರು ಕಿರುಚುತ್ತಾ ಸಾಯುವವರು ಎಂಬುದು ಬಹುತೇಕ ಕಥೆಗಳ ಹೂರಣ. 1976ರಲ್ಲಿ ಬಂದ 'ಆ್ಯಕ್ಷನ್' ಎಂಬ ಪತ್ರಿಕೆ ಹಿಂಸೆ ಹೆಚ್ಚಾಯಿತೆಂಬ ಕೂಗಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಅಂಗಡಿಯಿಂದ ಹಿಂದಕ್ಕೆ ಹೋಯಿತು. ಅದನ್ನು ರೂಪಿಸಿದ್ದ ಪ್ಯಾಟ್ ಮಿಲ್ಸ್ 1977ರ ಫೆಬ್ರುವರಿಯಲ್ಲಿ '2000 ಎ.ಡಿ.' ಆರಂಭಿಸಿದರು. ಇಂದಿನ ಯುದ್ಧದ ಬಗ್ಗೆ ಹೇಳಲಾಗದ್ದನ್ನು ನಾಳಿನ ಯುದ್ಧದ ಹೆಸರಿನಲ್ಲಿ ಹೇಳಬಹುದು ಎಂಬ ಉಪಾಯ ಅಲ್ಲಿ ಫಲಿಸಿತು. ರೋಬಾಟಿನ ತಲೆ ಹಾರಿದರೆ ಯಾವ ತಾಯಂದಿರ ಸಂಘ ದೂರು ಕೊಡುತ್ತದೆ?

ಆ ಪತ್ರಿಕೆಯಲ್ಲಿ 1981ರ ಸೆಪ್ಟೆಂಬರಿನಲ್ಲಿ 'ರೋಗ್ ಟ್ರೂಪರ್' ಆರಂಭವಾಯಿತು. ದಳ ತೊರೆದ ಸೈನಿಕ ಎಂದು ಅರ್ಥ. ಕಥೆ ಗೆರಿ ಫಿನ್ಲೆ-ಡೇ ಅವರದು, ಚಿತ್ರ ಡೇವ್ ಗಿಬ್ಬನ್ಸ್ ಅವರದು. ನೂ ಅರ್ಥ್ ಎಂಬ ಗ್ರಹಕ್ಕಾಗಿ ನಾರ್ಟ್ ಮತ್ತು ಸದರ್ ಎಂಬ ಎರಡು ಪಡೆಗಳು ಕಾದಾಡಿ ಕಾದಾಡಿ ಗಾಳಿಯನ್ನೇ ವಿಷ ಮಾಡಿವೆ. ಮುಖವಾಡವಿಲ್ಲದೆ ಉಸಿರಾಡುವಂತಿಲ್ಲ. ಆ ಗಾಳಿಯಲ್ಲೂ ಬದುಕಬಲ್ಲ ನೀಲಿ ಚರ್ಮದ ಸೈನಿಕರನ್ನು ಸದರ್ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತಯಾರಿಸುತ್ತಾರೆ. ಸೇನಾಪತಿಯೊಬ್ಬನ ದ್ರೋಹದಿಂದ ಆ ಇಡೀ ದಳ ಮೊದಲ ದಾಳಿಯಲ್ಲೇ ಸಾಯುತ್ತದೆ. ಉಳಿದವನು ಒಬ್ಬ. ಅವನು ಅಪ್ಪಣೆ ಮೀರಿ ದ್ರೋಹಿಯನ್ನು ಹುಡುಕುತ್ತಾ ಎರಡೂ ಪಡೆಗಳ ನಡುವೆ ಅಲೆಯುತ್ತಾನೆ.

ಇಲ್ಲೊಂದು ಕಲ್ಪನೆ ಇದೆ, ಅದು ತಮಾಷೆಯೂ ಹೌದು, ಭೀಕರವೂ ಹೌದು. ಸತ್ತ ಸೈನಿಕನ ಮಿದುಳಿನ ಚಿಪ್ಪನ್ನು ಅರವತ್ತು ಸೆಕೆಂಡಿನೊಳಗೆ ಕಿತ್ತು ಆಯುಧಕ್ಕೆ ಸಿಕ್ಕಿಸಿದರೆ ಅವನ ಮನಸ್ಸು ಅದರಲ್ಲಿ ಉಳಿಯುತ್ತದೆ. ನಾಯಕನ ಮೂವರು ಗೆಳೆಯರಲ್ಲಿ ಒಬ್ಬ ಬಂದೂಕಿನಲ್ಲಿ, ಒಬ್ಬ ಬೆನ್ನಚೀಲದಲ್ಲಿ, ಒಬ್ಬ ಶಿರಸ್ತ್ರಾಣದಲ್ಲಿ ಕುಳಿತು ಮಾತಾಡುತ್ತಾರೆ. ಅಂದರೆ ಈ ಸೈನಿಕ ಹುಟ್ಟುವ ಮೊದಲೇ ಸೇನೆಯ ಸ್ವತ್ತು, ಸತ್ತ ಮೇಲೂ ಸೇನೆಯ ಸ್ವತ್ತು. ಸಾವಿನಿಂದಲೂ ಅವನಿಗೆ ಬಿಡುಗಡೆ ಇಲ್ಲ.

ನೀಲಿ ಚರ್ಮದ ನಾಯಕ ಎಂದೆವು. ಆದರೆ ಆ ದಿನಗಳ '2000 ಎ.ಡಿ.'ಯ ಬಹುತೇಕ ಪುಟ ಕಪ್ಪು ಬಿಳುಪು. ಗಿಬ್ಬನ್ಸ್ ನೀಲಿಯನ್ನು ಬರೆಯುವಂತಿರಲಿಲ್ಲ. ಓದುಗರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕಿತ್ತು. ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ ಅಚ್ಚಿನ ಶಾಯಿ ಹರಡಿ ಸಣ್ಣ ಗೆರೆಗಳು ಕೂಡಿಕೊಂಡು ಕಪ್ಪು ಮುದ್ದೆಯಾಗುತ್ತಿದ್ದವು. ಇಂಥ ಪುಟದ ಮೂಲ ಹಾಳೆ ನೋಡಿದವರಿಗೆ ಬೇರೆಯೇ ಲೋಕ ಕಾಣುತ್ತದೆ. ಕುಂಚ ಎಲ್ಲಿ ನಿಂತು ಮತ್ತೆ ಹೊರಟಿತು, ದೊಡ್ಡ ಕಪ್ಪು ಭಾಗದಲ್ಲಿ ಶಾಯಿ ಎಲ್ಲಿ ಎರಡು ಸಲ ಬಿತ್ತು, ತುಟಿಯನ್ನು ಬಿಳಿ ಬಳಿದು ಹೇಗೆ ತಿದ್ದಿದರು, ಅಂಚಿನಲ್ಲಿ ನೀಲಿ ಪೆನ್ಸಿಲಿನಲ್ಲಿ ಸಂಪಾದಕೀಯ ವಿಭಾಗದವರು ಬರೆದ ಅಳತೆ ಯಾವುದು, ಎಲ್ಲವೂ ಅಲ್ಲಿರುತ್ತದೆ. ಮಾತಿನ ಬಲೂನುಗಳನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದರೆ ಅವು ಅಂಟು ಒಣಗಿ ಉದುರಿರುತ್ತವೆ. ಆಗ ಸೈನಿಕರು ಬಾಯಿ ತೆರೆದು ಏನೂ ಹೇಳದೆ ನಿಂತಿರುತ್ತಾರೆ. ಮೂಲ ಚಿತ್ರಗಳ ಸಂಗ್ರಹಕಾರರಿಗೆ ಈ ಕಲೆಗಳೇ ಪ್ರೀತಿ.

ಕೆಲವು ಕಂತುಗಳ ನಂತರ ಗಿಬ್ಬನ್ಸ್ ಹೊರಗೆ ಬಂದರು. ಕಾಲಿನ್ ವಿಲ್ಸನ್, ಬ್ರೆಟ್ ಇವಿನ್ಸ್, ಕ್ಯಾಮ್ ಕೆನಡಿ ಮುಂದುವರಿಸಿದರು. ಗಿಬ್ಬನ್ಸ್ ಮುಂದೆ ಅಲನ್ ಮೂರ್ ಜೊತೆ 'ವಾಚ್‌ಮೆನ್' ಮಾಡಿ ಜಗತ್ತಿಗೇ ಹೆಸರಾದದ್ದು ಬೇರೆ ಮಾತು. ರೋಗ್ ಟ್ರೂಪರ್ ಮಾತ್ರ ಅವರ ಸ್ವತ್ತಲ್ಲ. ಪಾತ್ರ ಕಂಪನಿಯದು, ಕಂಪನಿ ಕೈಬದಲಾದಂತೆ ನೀಲಿ ಸೈನಿಕನೂ ಕೈಬದಲಾದ. ಐಪಿಸಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯಿಂದ 1987ರಲ್ಲಿ ರಾಬರ್ಟ್ ಮ್ಯಾಕ್ಸ್‌ವೆಲ್ ಕೈಗೆ, ಅಲ್ಲಿಂದ 1991ರಲ್ಲಿ ಡೆನ್ಮಾರ್ಕಿನ ಎಗ್ಮಾಂಟ್‌ಗೆ, 2000ದಲ್ಲಿ ರೆಬೆಲಿಯನ್ ಎಂಬ ವಿಡಿಯೊ ಗೇಮ್ ಕಂಪನಿಗೆ.

ಅಳಿಸಿದ ಸಹಿ

ಐಪಿಸಿಯಲ್ಲಿ ಮೂಲ ಹಾಳೆಗಳಿಗೆ ಏನಾಗುತ್ತಿತ್ತು ಎಂದು ಅಲ್ಲಿ ಕೆಲಸ ಮಾಡಿದ ಕಲಾವಿದರೇ ಹೇಳಿದ್ದಾರೆ. ಬ್ಲೇಡಿನಿಂದ ಏನನ್ನಾದರೂ ಕತ್ತರಿಸಬೇಕಾದಾಗ ಮೇಜು ಗೀಚದಿರಲೆಂದು ಅಡಿಗೆ ಹಳೆಯ ಚಿತ್ರದ ಹಾಳೆ ಹಾಕುತ್ತಿದ್ದರಂತೆ. ನೀರು ಸೋರಿದಾಗ ನೆಲಕ್ಕೆ ಹಾಸಿದ್ದೂ ಉಂಟಂತೆ. ಉಳಿದದ್ದು ಗೋದಾಮಿಗೆ. ಇದರ ಹಿಂದೆ ದ್ವೇಷವೇನೂ ಇರಲಿಲ್ಲ, ಅದೇ ಇನ್ನೂ ಬೇಸರದ ವಿಷಯ. ಕಾಗದ ಎಂದರೆ ಕಾಗದ, ಅಷ್ಟೆ.

ಹೆಸರಿನ ಕಥೆ ಇನ್ನೂ ವಿಚಿತ್ರ. 1970ರ ದಶಕದ ಬ್ರಿಟಿಷ್ ಹುಡುಗರ ಪತ್ರಿಕೆಗಳಲ್ಲಿ ಕಥೆ ಬರೆದವರು ಯಾರು, ಚಿತ್ರ ಯಾರದು ಎಂದು ಹಾಕುವ ರೂಢಿ ಇರಲಿಲ್ಲ. ಕಲಾವಿದ ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದರೆ ಕಚೇರಿಯಲ್ಲಿ ಬಿಳಿ ಬಣ್ಣ ಬಳಿದು ಅಳಿಸುತ್ತಿದ್ದರು. ಹೆಸರು ತಿಳಿದರೆ ಪ್ರತಿಸ್ಪರ್ಧಿ ಪತ್ರಿಕೆಯವರು ಹಾರಿಸಿಕೊಂಡು ಹೋಗುತ್ತಾರೆ, ಇಲ್ಲವೇ ಕಲಾವಿದನೇ ಹೆಚ್ಚು ಕೂಲಿ ಕೇಳುತ್ತಾನೆ ಎಂಬ ಅಂಜಿಕೆ. '2000 ಎ.ಡಿ.' ಕಚೇರಿಯಲ್ಲಿ ಚಿತ್ರ ವಿಭಾಗದಲ್ಲಿದ್ದ ಕೆವಿನ್ ಓನೀಲ್ 1977ರಲ್ಲಿ ಮೇಲಿನವರನ್ನು ಹೆಚ್ಚು ಕೇಳದೆ ಪ್ರತಿ ಕಥೆಯ ಮೊದಲ ಪುಟಕ್ಕೆ ಒಂದು ಪುಟ್ಟ ಹೆಸರಿನ ಚೀಟಿ ಸೇರಿಸಿದರು. ಕಥೆಗಾರ, ಚಿತ್ರಕಾರ, ಅಕ್ಷರ ಬರೆದವರು ಮೂವರ ಹೆಸರೂ ಅದರಲ್ಲಿತ್ತು. ಚಿತ್ರಕಥೆಯೊಂದಕ್ಕೆ ಕರ್ತೃ ಇದ್ದಾನೆ ಎಂದು ಸಾವಿರಾರು ಹುಡುಗರಿಗೆ ಗೊತ್ತಾದದ್ದು ಆ ಚೀಟಿಯಿಂದ. ಮುಂದೆ ಹರಾಜಿನಲ್ಲಿ ಹಾಳೆಗೆ ಬೆಲೆ ಕಟ್ಟಿದವರೂ ಆ ಹುಡುಗರೇ. ಹೆಸರಿಲ್ಲದ ಹಾಳೆಗೆ ಬೆಲೆ ಎಲ್ಲಿಂದ ಬರಬೇಕು?

ಹೆಸರಿದ್ದರೂ ಹಕ್ಕು ಇರಲೇಬೇಕೆಂದಿಲ್ಲ. 1950ರಲ್ಲಿ 'ಈಗಲ್' ವಾರಪತ್ರಿಕೆಯಲ್ಲಿ 'ಡಾನ್ ಡೇರ್' ಎಂಬ ಬಾಹ್ಯಾಕಾಶ ನಾಯಕನನ್ನು ಸೃಷ್ಟಿಸಿದ ಫ್ರಾಂಕ್ ಹ್ಯಾಂಪ್ಸನ್ ಅವರಿಗೆ ಸಹಿ ಹಾಕುವ ಭಾಗ್ಯವಿತ್ತು. ಡಾನ್ ಡೇರ್ ಹಸಿರು ತಲೆಯ ಮೇಕಾನ್ ವಿರುದ್ಧ ನಡೆಸಿದ ಯುದ್ಧ ಬ್ರಿಟನ್ನಿನ ಮನೆಮಾತು. ಗಡಿಯಾರ, ಆಟಿಕೆ, ಬಟ್ಟೆ ಎಲ್ಲದರ ಮೇಲೂ ಆ ನಾಯಕ. ಆದರೆ ಹಕ್ಕನ್ನು ಹ್ಯಾಂಪ್ಸನ್ ಪ್ರಕಾಶಕರಿಗೆ ಬರೆದುಕೊಟ್ಟಿದ್ದರು. ಪತ್ರಿಕೆಯ ಮಾಲೀಕರು ಬದಲಾದ ಹೊತ್ತಿಗೆ, 1959ರಲ್ಲಿ ಡಾನ್ ಡೇರ್ ಬಿಟ್ಟು ಹೊರಬಂದರು. ಆಮೇಲೆ ತಾಂತ್ರಿಕ ಕಾಲೇಜೊಂದರಲ್ಲಿ ತಂತ್ರಜ್ಞನ ಕೆಲಸ ಮಾಡಿದರು. 1975ರಲ್ಲಿ ಇಟಲಿಯ ಲುಕ್ಕಾ ನಗರದ ಕಾಮಿಕ್ಸ್ ಉತ್ಸವದಲ್ಲಿ ಅವರನ್ನು ಯುದ್ಧೋತ್ತರ ಕಾಲದ ಶ್ರೇಷ್ಠ ಕಲಾವಿದನೆಂದು ಸನ್ಮಾನಿಸಿದರು. ತನ್ನದೇ ಚಿತ್ರಗಳ ಮೇಲೆ ಮಾತ್ರ ಅವರಿಗೆ ಅಧಿಕಾರವಿರಲಿಲ್ಲ.

ಕಿರ್ಬಿಯ ಹಾಳೆಗಳು

ಇನ್ನು ಅಮೆರಿಕಕ್ಕೆ ಬರೋಣ. ಅಲ್ಲಿ ಒಬ್ಬ ಪ್ರಕಾಶಕ ಮೂಲ ಹಾಳೆಗಳನ್ನು ಕಸ ಎಂದುಕೊಳ್ಳಲಿಲ್ಲ. ಇ.ಸಿ. ಕಾಮಿಕ್ಸಿನ ವಿಲಿಯಂ ಗೇನ್ಸ್ 1950ರ ದಶಕದ ಮೊದಲಲ್ಲಿ 'ವಿಯರ್ಡ್ ಸೈನ್ಸ್' ಎಂಬ ವಿಜ್ಞಾನ ಕಥೆಗಳನ್ನೂ, ಹಾರ್ವಿ ಕರ್ಟ್ಸ್‌ಮನ್ ಸಂಪಾದಿಸಿದ 'ಫ್ರಂಟ್‌ಲೈನ್ ಕಾಂಬ್ಯಾಟ್' ಎಂಬ ಯುದ್ಧ ಕಥೆಗಳನ್ನೂ ಪ್ರಕಟಿಸಿದವರು. ಯುದ್ಧವನ್ನು ಜಾತ್ರೆಯಂತೆ ತೋರಿಸದ ಮೊದಲ ಅಮೆರಿಕನ್ ಕಾಮಿಕ್ಸ್‌ಗಳಲ್ಲಿ ಕರ್ಟ್ಸ್‌ಮನ್ ಅವರದೂ ಸೇರುತ್ತದೆ. 1954ರ ಸೆನೆಟ್ ವಿಚಾರಣೆಯ ಗಲಾಟೆಯ ನಂತರ ಗೇನ್ಸ್ ಪತ್ರಿಕೆಗಳು ಮುಚ್ಚಿದವು. ಆದರೆ ಹಾಳೆಗಳನ್ನು ಅವರು ಜೋಪಾನವಾಗಿ ಕಟ್ಟಿಡಿಸಿದ್ದರು. 1970ರ ದಶಕದ ಕೊನೆಯಿಂದ ಅವು ಹರಾಜಾದಾಗ ಬಂದ ಹಣದಲ್ಲಿ ಒಂದು ಭಾಗವನ್ನು ಬರೆದವರಿಗೂ ಕೊಟ್ಟರು.

ಗೇನ್ಸ್ ಕಪಾಟಿಗೆ ಸೇರದೆ ಉಳಿದ ಒಂದು ಚಿತ್ರವಿದೆ. 1955ರಲ್ಲಿ 'ವಿಯರ್ಡ್ ಸೈನ್ಸ್-ಫ್ಯಾಂಟಸಿ' 29ನೇ ಸಂಚಿಕೆಯ ಮುಖಪುಟಕ್ಕೆ ಬಂದ ಫ್ರಾಂಕ್ ಫ್ರಾಜೆಟ್ಟಾ ಅವರ ಹೋರಾಟದ ಚಿತ್ರ. ಬೇರೊಂದು ಪತ್ರಿಕೆಗಾಗಿ ಬರೆದು, ಅವರು ಹಿಂಸೆ ಜಾಸ್ತಿಯಾಯಿತೆಂದು ಬೇಡವೆಂದ ಚಿತ್ರ ಅದು. ಗೇನ್ಸ್ ಕೊಳ್ಳಲು ಬಂದಾಗ ಫ್ರಾಜೆಟ್ಟಾ ಕಡಿಮೆ ಹಣ ಸಾಕೆಂದರು, ಆದರೆ ಒಮ್ಮೆ ಅಚ್ಚು ಹಾಕುವ ಹಕ್ಕನ್ನಷ್ಟೇ ಕೊಟ್ಟು ಹಾಳೆಯನ್ನು ತಾವೇ ಇಟ್ಟುಕೊಂಡರು. ಅಚ್ಚು ಹಾಕುವ ಹಕ್ಕು ಬೇರೆ, ಹಾಳೆ ಬೇರೆ. ಇವತ್ತು ನಮಗಿದು ಸಾಮಾನ್ಯ ಜ್ಞಾನ ಎನಿಸಬಹುದು. ಹೊಟ್ಟೆಪಾಡಿಗೆ ಪುಟ ಬರೆಯುತ್ತಿದ್ದವರಲ್ಲಿ ಅದನ್ನು ಅಷ್ಟು ಬೇಗ ಅರಿತು, ಪ್ರಕಾಶಕನ ಎದುರು ಹೇಳುವ ಧೈರ್ಯ ತೋರಿದವರು ವಿರಳ.

ದೊಡ್ಡ ಜಗಳ ನಡೆದದ್ದು ಜಾಕ್ ಕಿರ್ಬಿ ಅವರ ವಿಷಯದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಕಾಲಾಳಾಗಿ ಕಾದಾಡಿ, ಹಿಮಕ್ಕೆ ಕಾಲು ಸೆಟೆದು ಆಸ್ಪತ್ರೆ ಸೇರಿದ ಕಲಾವಿದ. 1960ರ ದಶಕದಲ್ಲಿ ಸ್ಟಾನ್ ಲೀ ಜೊತೆ 'ಫೆಂಟಾಸ್ಟಿಕ್ ಫೋರ್', 'ಥಾರ್', 'ಹಲ್ಕ್' ಮೊದಲಾದ ಪಾತ್ರಗಳನ್ನು ಹುಟ್ಟಿಸಿ ಮಾರ್ವೆಲ್ ಕಂಪನಿಯನ್ನು ಎತ್ತಿ ನಿಲ್ಲಿಸಿದವರು. ನಕ್ಷತ್ರಗಳ ನಡುವೆ ನಡೆಯುವ ಮಹಾಯುದ್ಧವನ್ನು ಅಮೆರಿಕನ್ ಕಾಮಿಕ್ಸಿನಲ್ಲಿ ಅವರಷ್ಟು ದೊಡ್ಡದಾಗಿ ಬರೆದವರಿಲ್ಲ.

1970ರ ದಶಕದ ನಡುವೆ, ನೀಲ್ ಆ್ಯಡಮ್ಸ್ ಮೊದಲಾದ ಕಲಾವಿದರ ಒತ್ತಾಯದಿಂದ, ಅಮೆರಿಕದ ದೊಡ್ಡ ಕಂಪನಿಗಳು ಹೊಸ ಪುಟಗಳ ಮೂಲ ಹಾಳೆಯನ್ನು ಬರೆದವರಿಗೆ ಹಿಂತಿರುಗಿಸತೊಡಗಿದವು. ಅಲ್ಲಿ ಪೆನ್ಸಿಲ್ ಹಾಕುವವರು ಒಬ್ಬರು, ಶಾಯಿ ಹಾಕುವವರು ಇನ್ನೊಬ್ಬರು. ಹಾಗಾಗಿ ಒಂದು ಸಂಚಿಕೆಯ ಪುಟಗಳನ್ನು ಇಬ್ಬರಿಗೂ ಹಂಚುವ ಪದ್ಧತಿ ಬಂತು. ಶಾಯಿ ಹಾಕುವವನು ಬರೀ ಗೆರೆಯ ಮೇಲೆ ಗೆರೆ ಎಳೆಯುವವನು ಎಂಬ ಮೂದಲಿಕೆ ಹಳೆಯದು. ಹಾಳೆ ಹಂಚುವಾಗ ಅವನಿಗೂ ಪಾಲು ಸಿಕ್ಕಿತೆಂಬುದು ಸಣ್ಣ ಸಂಗತಿಯಲ್ಲ.

ಹಳೆಯ ಹಾಳೆಗಳ ಸರದಿ ಬಂದಾಗ, 1984ರಲ್ಲಿ, ಬೇರೆ ಕಲಾವಿದರಿಗೆ ಒಂದು ಪುಟದ ಸರಳ ರಸೀತಿ ಕಳಿಸಿದ ಮಾರ್ವೆಲ್, ಕಿರ್ಬಿ ಅವರಿಗೆ ಮಾತ್ರ ನಾಲ್ಕು ಪುಟದ ಕರಾರು ಕಳಿಸಿತು. ಪಾತ್ರಗಳ ಮೇಲೆ ಎಂದೂ ಹಕ್ಕು ಕೇಳಬಾರದು ಎಂಬುದು ಅದರ ತಿರುಳು. ಅದಕ್ಕೆ ಸಹಿ ಹಾಕಿದರೆ ಸಿಗುವುದಿದ್ದದ್ದು 88 ಹಾಳೆ. ಅವರು ಆ ಕಂಪನಿಗೆ ಬರೆದದ್ದು ಹತ್ತು ಸಾವಿರಕ್ಕೂ ಹೆಚ್ಚು! ಕಿರ್ಬಿ ಸಹಿ ಹಾಕಲಿಲ್ಲ. ಮೂರು ವರ್ಷ ಹಗ್ಗಜಗ್ಗಾಟ. ಅಲನ್ ಮೂರ್, ಫ್ರಾಂಕ್ ಮಿಲ್ಲರ್ ಮೊದಲಾದ ಖ್ಯಾತನಾಮರು ಕಂಪನಿಗೆ ಮನವಿ ಬರೆದರು. 1987ರಲ್ಲಿ ಮಾರ್ವೆಲ್ ಮಣಿಯಿತು. ಕಿರ್ಬಿ ಅವರಿಗೆ ಸುಮಾರು ಎರಡು ಸಾವಿರ ಹಾಳೆ ಮರಳಿತು. ಉಳಿದವು? ಕೆಲವು ಕಳವಾಗಿದ್ದವು, ಕೆಲವನ್ನು ಯಾರು ಯಾರಿಗೋ ಕೊಟ್ಟಿದ್ದರು. ಕಿರ್ಬಿ 1994ರಲ್ಲಿ ತೀರಿಕೊಂಡರು. ಅವರಿಗೆ ಮರಳದ ಹಾಳೆಗಳು ಅವರ ಕಾಲದಲ್ಲೇ ಸಂಗ್ರಹಕಾರರ ನಡುವೆ ಕೊಡುಕೊಳ್ಳುವಿಕೆಯ ವಸ್ತುವಾಗಿದ್ದವು.

ಈ ಜಗಳದ ನಡುವೆ ಗಮನಿಸಬೇಕಾದ ಇನ್ನೊಂದು ಪುಸ್ತಕ ಇದೆ. 1981ರಲ್ಲಿ ಪೆಸಿಫಿಕ್ ಕಾಮಿಕ್ಸ್ ಎಂಬ ಸಣ್ಣ ಸಂಸ್ಥೆ ಕಿರ್ಬಿಯವರ 'ಕ್ಯಾಪ್ಟನ್ ವಿಕ್ಟರಿ' ಪ್ರಕಟಿಸಿತು. ನಕ್ಷತ್ರಲೋಕದ ಸೈನ್ಯದ ಕಥೆ. ವ್ಯಾಪಾರದಲ್ಲಿ ಅದೇನೂ ಮಹಾ ಯಶಸ್ಸಲ್ಲ. ಕಿರ್ಬಿಯವರ ಶ್ರೇಷ್ಠ ಕೃತಿಗಳ ಸಾಲಿಗೂ ಅದನ್ನು ಯಾರೂ ಸೇರಿಸುವುದಿಲ್ಲ. ಆದರೆ ಪಾತ್ರವೂ ಅವರದೇ, ಹಕ್ಕೂ ಅವರದೇ ಆಗಿತ್ತು.

ಮರುಮಾರಾಟದ ಪಾಲು

ಹಾಳೆ ಕೈಗೆ ಬಂದರೆ ಕಲಾವಿದನ ಸಮಸ್ಯೆ ಮುಗಿಯಿತೇ? ಇಲ್ಲ. ಪುಟದ ಕೂಲಿಯಲ್ಲಿ ಬದುಕುವವನು ಬಾಡಿಗೆ ಕಟ್ಟಲು ಹಾಳೆಯನ್ನು ಅಂದಿನ ಬೆಲೆಗೆ ಮಾರುತ್ತಾನೆ. ಮೂವತ್ತು ವರ್ಷದ ಮೇಲೆ ಅದೇ ಹಾಳೆ ಲಕ್ಷಗಟ್ಟಲೆ ಬಾಳಿದಾಗ ಲಾಭ ಮಾರಿದವನಿಗೆ, ಬರೆದವನಿಗಲ್ಲ. ಇದಕ್ಕೆ ಫ್ರಾನ್ಸ್ 1920ರಲ್ಲೇ ಒಂದು ಪರಿಹಾರ ಕಂಡುಕೊಂಡಿತು: ಮರುಮಾರಾಟವಾದಾಗಲೆಲ್ಲ ಕಲಾವಿದನಿಗೆ ಸಣ್ಣ ಪಾಲು. ಬ್ರಿಟನ್ 2006ರಲ್ಲಿ ಬದುಕಿರುವ ಕಲಾವಿದರಿಗೆ, 2012ರಲ್ಲಿ ತೀರಿಕೊಂಡವರ ವಾರಸುದಾರರಿಗೂ ಈ ಹಕ್ಕು ಕೊಟ್ಟಿತು. ಶೇಕಡಾ 4ರಿಂದ ಆರಂಭವಾಗಿ ಬೆಲೆ ಏರಿದಂತೆ ಇಳಿಯುವ ದರ ಅದು. ಹರಾಜು ಸಂಸ್ಥೆ, ಕಲಾ ವ್ಯಾಪಾರಿಗಳ ಮೂಲಕ ನಡೆದ ಮಾರಾಟಕ್ಕೆ ಮಾತ್ರ ಅನ್ವಯ. ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಕಾನೂನು ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಮಾಡಿಕೊಂಡಿದ್ದ ಕಾನೂನನ್ನು 2018ರಲ್ಲಿ ನ್ಯಾಯಾಲಯ ಬಹುಮಟ್ಟಿಗೆ ನಿಷ್ಫಲ ಮಾಡಿತು.

ನಮ್ಮ ದೇಶದಲ್ಲಿ ಇಂಥ ಕಾನೂನು ಇದೆ ಎಂದರೆ ಚಿತ್ರಕಾರರೇ ಹುಬ್ಬೇರಿಸಿಯಾರು! 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 53ಎ ವಿಧಿಯಂತೆ, ಮೂಲ ಚಿತ್ರ, ಶಿಲ್ಪ, ಹಸ್ತಪ್ರತಿ 10 ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕರ್ತೃ ಪಾಲು ಕೇಳಬಹುದು. ಪಾಲು ಮಾರಾಟದ ಬೆಲೆಯ ಶೇಕಡಾ 10ನ್ನು ಮೀರುವಂತಿಲ್ಲ. ಆದರೆ ಒಂದು ಷರತ್ತು. ಕೃತಿಯ ಹಕ್ಕಿಗೆ ಆತನೇ ಮೊದಲ ಒಡೆಯನಾಗಿರಬೇಕು. ಸಂಬಳಕ್ಕಿದ್ದು ಕಚೇರಿಯ ಕೆಲಸವಾಗಿ ಬರೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ಸಾಮಾನ್ಯವಾಗಿ ಮಾಲೀಕನೇ. ಅಂದರೆ ಹಾಗೆ ಸಂಬಳಕ್ಕೆ ಜೀವಮಾನವಿಡೀ ಕುಂಚ ಹಿಡಿದು, ಹಕ್ಕು ಮಾಲೀಕನ ಪಾಲಾದವರಿಗೆ ಈ ವಿಧಿಯಿಂದ ಹೆಚ್ಚೇನೂ ಸಿಗದು.

ಇತ್ತ '2000 ಎ.ಡಿ.'ಯ ಹಾಳೆಗಳ ಕಥೆಯೂ ಬದಲಾಗಿದೆ. 1980ರ ದಶಕದಲ್ಲಿ ನಿಧಾನವಾಗಿ ಹಾಳೆಗಳು ಬರೆದವರ ಕೈಗೆ ಮರಳತೊಡಗಿದವು. ರೆಬೆಲಿಯನ್ 2016 ಮತ್ತು 2018ರಲ್ಲಿ ಐಪಿಸಿ ಕಾಲದ ಹಳೆಯ ಕಾಮಿಕ್ಸ್‌ಗಳ ಹಕ್ಕುಗಳನ್ನು ಕೊಂಡು ಮರುಮುದ್ರಣಕ್ಕೆ ತೊಡಗಿದೆ. ಹಳೆಯ ಬ್ರಿಟಿಷ್ ಕಾಮಿಕ್ಸ್ ಮತ್ತೆ ಅಚ್ಚು ಹಾಕುವವರಿಗೆ ಮೂಲ ಹಾಳೆ ಸಿಗದೆ, ಅಂಗಡಿಯಲ್ಲಿ ಮಾರಾಟವಾಗಿದ್ದ ಸಂಚಿಕೆಗಳನ್ನೇ ಹುಡುಕಿ, ಸ್ಕ್ಯಾನ್ ಮಾಡಿ, ಹರಡಿದ ಶಾಯಿಯನ್ನು ಕಂಪ್ಯೂಟರಿನಲ್ಲಿ ಒರೆಸಿ ಅಚ್ಚು ಹಾಕಬೇಕಾದ ಪ್ರಸಂಗಗಳಿವೆ. ಅಂದು ಮೇಜಿನ ಅಡಿಗೆ ಹಾಸಿದ ಹಾಳೆಗಳ ಸಾಲವನ್ನು ಈಗ ಹೀಗೆ ತೀರಿಸಬೇಕಾಗಿದೆ.

ಡೇವ್ ಗಿಬ್ಬನ್ಸ್ ಸಹಿತ ಅನೇಕ ಕಲಾವಿದರು ಈಗ ಚಿತ್ರವನ್ನು ಪರದೆಯ ಮೇಲೆ ಬರೆಯುತ್ತಾರೆ. ಅಲ್ಲಿ ಬಿಳಿ ಬಣ್ಣ ಬಳಿಯುವ ಕಷ್ಟವಿಲ್ಲ, ಹಾಳೆ ಅಂಚೆಯಲ್ಲಿ ಕಳೆದುಹೋಗುವ ಭಯವಿಲ್ಲ. ಮೂಲ ಎಂಬುದೂ ಇಲ್ಲ. ಹರಾಜಿಗೆ ಇಡಲು ಏನೂ ಉಳಿಯುವುದಿಲ್ಲ. ಇದರಿಂದ ಒಂದು ಹೊಸ ಪದ್ಧತಿ ಹುಟ್ಟಿದೆ. ಪೆನ್ಸಿಲಿನ ಹಂತವನ್ನು ಕಂಪ್ಯೂಟರಿನಲ್ಲಿ ಮುಗಿಸಿ, ಅದನ್ನು ತಿಳಿನೀಲಿ ಬಣ್ಣದಲ್ಲಿ ಬ್ರಿಸ್ಟಲ್ ಬೋರ್ಡಿನ ಮೇಲೆ ಮುದ್ರಿಸಿಕೊಂಡು, ಅದರ ಮೇಲೆ ಕೈಯಿಂದಲೇ ಶಾಯಿ ಹಾಕುವವರಿದ್ದಾರೆ. ಅಚ್ಚುಕೂಟಕ್ಕೆ ಆ ಹಾಳೆ ಬೇಕಾಗಿಯೇ ಇಲ್ಲ, ಸ್ಕ್ಯಾನ್ ಮಾಡಿದ ಕಡತ ಸಾಕು. ಹಾಳೆ ಮಾರಾಟಕ್ಕೆ. ಎಷ್ಟೋ ಕಲಾವಿದರಿಗೆ ಪುಟದ ಕೂಲಿಗಿಂತ ಅದರಿಂದ ಬರುವುದೇ ಹೆಚ್ಚು.